ಒಳಗೆ ಹಿಡಿಯಿಲ್ಲದ ಗಾಡಿ

ನಮ್ಮ ಭಾವ ಬೀರು ಮಾಡುವವರು. ಮಂಚ, ಮೇಜು, ಕುರ್ಚಿ ಎಂದು ಕೇಳಿಕೊಂಡು ಬಂದವರಿಗೆ ಬಾಗಿಲಲ್ಲೇ ನಿಂತು ಪಕ್ಕದ ಬೀದಿಯ ದಾರಿ ತೋರಿಸಿ ಕಳಿಸುತ್ತಿದ್ದರು. "ಕುರ್ಚಿಗೆ ನಾಲ್ಕು ಕಾಲಿದ್ರೆ ಸಾಕು, ಬೀರುವಿಗೆ ಮರ್ಯಾದೆ ಇರಬೇಕು" ಎನ್ನುತ್ತಿದ್ದರು. ಅವರು ಮಾಡಿದ ಬೀರುವಿನಲ್ಲಿ ಒಂದು ಖಾನೆಯನ್ನು ಒಳಗೆ ತಳ್ಳಿದರೆ, ಒಳಗಿನ ಗಾಳಿಗೆ ಹೋಗಲು ಎಡೆಯೇ ಇಲ್ಲದೆ, ಪಕ್ಕದ ಖಾನೆ ತಾನಾಗಿ ಒಂದು ಬೆರಳಿನಷ್ಟು ಹೊರಗೆ ಬರುತ್ತಿತ್ತು. ಅದನ್ನು ನೋಡಿ ಕೊಳ್ಳುವವರು ಬೆರಗಾಗುತ್ತಿದ್ದರು. ನನಗೆ ಮಾತ್ರ ಯಾರೋ ಒಳಗೆ ಕೂತು ತಳ್ಳಿದ ಹಾಗೆ ಕಾಣುತ್ತಿತ್ತು.

ನಾನು ಅವರ ಹೆಂಡತಿಯ ತಂಗಿ. ಮೇಲಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷೀನು, ಕೆಳಗೆ ಅಕ್ಕ ಭಾವನ ಸಂಸಾರ, ಹಿತ್ತಲ ತಗಡಿನ ಶೆಡ್ಡಿನಲ್ಲಿ ಭಾವನ ಕೆಲಸ. ಹಾಲು ಉಕ್ಕಿದರೆ ಬೆಂಕಿ ಬಿತ್ತು ಎಂದು ಕೂಗುವ ಜಾತಿ ನನ್ನದು. ಅದಕ್ಕೇ ಭಾವ ನನಗೆ 'ಗಾಬರಿ' ಎಂದು ಹೆಸರಿಟ್ಟಿದ್ದರು. "ಏ ಗಾಬರಿ, ಒಂದು ಲೋಟ ನೀರು ತಾ" ಎಂದು ಅವರು ಶೆಡ್ಡಿನಿಂದ ಕೂಗಿದರೆ ಇಡೀ ಬೀದಿಗೆ ಕೇಳುತ್ತಿತ್ತು. ಈಗ ಅಂಗಡಿಯವರೂ ನನ್ನನ್ನು ಹಾಗೇ ಕರೆಯುತ್ತಾರೆ.

ಭಾವನ ಬೀರುಗಳಲ್ಲಿ ಎರಡು ವಿಶೇಷ. ಒಂದು, ಕಳ್ಳ ಚಿಲಕ. ಹೊರಗಿನಿಂದ ಹಿಡಿಯಾಗಲಿ ಕೊಂಡಿಯಾಗಲಿ ಕಾಣುವುದಿಲ್ಲ. ಬಾಗಿಲ ಅಂಚಿನ ಒಂದು ಮರದ ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿ, ಒತ್ತಿಕೊಂಡೇ ಮೇಲಕ್ಕೆ ಸರಿಸಿ, ಅದೇ ಹೊತ್ತಿಗೆ ಕೆಳಗಿನ ಮೂಲೆಯನ್ನು ಮಂಡಿಯಿಂದ ತಟ್ಟಿದರೆ ಮಾತ್ರ ಬಾಗಿಲು ಬಿಟ್ಟುಕೊಳ್ಳುತ್ತದೆ. ಆ ಪಟ್ಟಿ ಎಲ್ಲಿದೆ, ಎಷ್ಟು ಒತ್ತಬೇಕು ಎಂಬುದು ಅಕ್ಕನಿಗೆ ಗೊತ್ತು, ಕೊಂಡವರಿಗೆ ಗೊತ್ತು. ನಾನು ಎಷ್ಟೋ ಸಲ ಪ್ರಯತ್ನಪಟ್ಟು ಉಗುರು ಮುರಿದುಕೊಂಡೆನೇ ಹೊರತು ಒಂದು ಬಾಗಿಲೂ ನನ್ನ ಮಾತು ಕೇಳಲಿಲ್ಲ.

ಇನ್ನೊಂದು, ಬೆಳಕಿನ ಪರೀಕ್ಷೆ. ಬೀರು ಮುಗಿದ ಮೇಲೆ ಭಾವ ಅದರೊಳಗೆ ಹೋಗಿ ಕೂರುತ್ತಿದ್ದರು. ಅಕ್ಕ ಹೊರಗಿನಿಂದ ಬಾಗಿಲು ಹಾಕಿ, ಟಾರ್ಚ್ ಹಿಡಿದು ಒಂದೊಂದು ಸಂದಿಗೂ ಬೆಳಕು ಬಿಡುತ್ತಾ ಸುತ್ತು ಬರುತ್ತಿದ್ದಳು. ಸೂಜಿಯ ಮೊನೆಯಷ್ಟು ಬೆಳಕು ಒಳಗೆ ಬಂದರೂ ಭಾವ ಅಲ್ಲಿ ಪೆನ್ಸಿಲ್ ಗುರುತು ಹಾಕುತ್ತಿದ್ದರು. ಪರೀಕ್ಷೆ ಮುಗಿದಾಗ ಒಳಗಿನಿಂದ ಎರಡು ಸಲ ಬಡಿಯುತ್ತಿದ್ದರು, ಟಕ್, ಟಕ್. "ಬಂದೆ ರೀ" ಎಂದು ಅಕ್ಕ ಬಾಗಿಲು ತೆಗೆಯುತ್ತಿದ್ದಳು. ಮದುವೆಯಾದ ಹೊಸದರಲ್ಲೇ ಗಂಡನನ್ನು ಬೀರುವಿನಲ್ಲಿ ಕೂಡಿಹಾಕುವ ಹೆಂಡತಿ ಎಂದು ಬೀದಿಯವರು ಅವಳನ್ನು ಗೋಳು ಹೊಯ್ದುಕೊಂಡಿದ್ದರಂತೆ. ಅವಳು, "ಕೂಡಿಹಾಕೋದು ಸುಲಭ ಕಣ್ರೀ, ಮತ್ತೆ ಹೊರಗೆ ಬಿಡೋಕೆ ಧೈರ್ಯ ಬೇಕು" ಎಂದು ಬಾಯಿ ಮುಚ್ಚಿಸಿದ್ದಳಂತೆ.

ಆ ಅಕ್ಕನ ಮರೆವು ಶುರುವಾದದ್ದು ಉಪ್ಪಿನಿಂದ. ಒಂದೇ ಪಾತ್ರೆಗೆ ಎರಡು ಸಲ ಉಪ್ಪು ಬಿತ್ತು, ನಕ್ಕೆವು. ಒಲೆ ಆರಿಸುವುದು ಮರೆತುಹೋಯಿತು, ನಗು ನಿಂತಿತು. ಒಂದು ಮಧ್ಯಾಹ್ನ ಅವಳೇ ಮನೆಯಲ್ಲಿರಲಿಲ್ಲ. ನಾನು ಬೀದಿ ಬೀದಿ ಓಡಿದೆ. ಒಂದೊಂದು ಬಸ್ಸಿನ ಚಕ್ರ ಕಂಡಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕಳು. ಬ್ರೆಡ್ ಅಂಗಡಿಯಾಕೆ ಅವಳ ಪಕ್ಕ ಕೂತು ಕೈ ಹಿಡಿದುಕೊಂಡಿದ್ದಳು.

"ಮನೆ ಎಲ್ಲಿ ಅಂತ ಕೇಳಿದ್ರೆ, ಬೀರು ಇದೆಯಲ್ಲ ಅಲ್ಲೇ ಅಂತಾರೆ. ಇಲ್ಲಿ ಯಾರ ಮನೇಲಿ ಬೀರು ಇಲ್ಲ ಹೇಳಿ?" ಎಂದಳು ಅವಳು.

ಅಂದಿನಿಂದ ನಮ್ಮ ಮನೆಯೊಳಗೆ ಹೆದರಿಕೆ ಬಂದು ಕೂತಿತು. ಭಾವ ಮಲಗಿದರೂ ಒಂದು ಕಣ್ಣು ತೆರೆದೇ ಇರುತ್ತಿತ್ತು. ನಾನು ಮಷೀನು ತುಳಿಯುತ್ತಾ ತುಳಿಯುತ್ತಾ ನಿಲ್ಲಿಸಿ, ಕೆಳಗೆ ಅಕ್ಕನ ಹೆಜ್ಜೆ ಕೇಳುತ್ತಿದೆಯೇ ಎಂದು ಕಿವಿಗೊಡುತ್ತಿದ್ದೆ. ಅಕ್ಕ ಎಂದೂ ಭಾವನನ್ನು ಹೆಸರು ಹಿಡಿದು ಕರೆದವಳಲ್ಲ, ಬರೀ 'ರೀ'. ಹಾಗಾಗಿ ಅವಳಿಗೆ ಅವರ ಹೆಸರು ನೆನಪಿದೆಯೋ ಮರೆತಿದೆಯೋ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಕೇಳಿ ನೋಡುವ ಧೈರ್ಯ ಭಾವನಿಗೂ ಇರಲಿಲ್ಲ.

ಇಷ್ಟರ ನಡುವೆ ಅಕ್ಕನ ಬಾಯಲ್ಲಿ ಒಂದೇ ಮಾತು, ಸಮುದ್ರ ನೋಡಬೇಕು. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದಳಂತೆ, ಅದು ಮಾತ್ರ ಅಳಿಸಿರಲಿಲ್ಲ. ಕರೆದುಕೊಂಡು ಹೋಗೋಣವೆಂದರೆ ಬೇರೆ ಜಾಗದಲ್ಲಿ ಅವಳನ್ನು ಮಲಗಿಸುವಂತಿಲ್ಲ. ಒಮ್ಮೆ ನೆಂಟರ ಮನೆಯಲ್ಲಿ ಉಳಿದಾಗ, ನಮ್ಮ ಕಿಟಕಿ ಎಲ್ಲಿ ಎಂದು ಬೆಳಗಿನವರೆಗೂ ಗೋಡೆ ತಡಕಿದ್ದಳು. ಅವಳ ಬೆರಳ ತುದಿ ಸುಲಿದುಹೋಗಿತ್ತು.

"ಊರು ಬದಲಾಗ್ಲಿ, ಕೋಣೆ ಬದಲಾಗಬಾರದು. ಅಷ್ಟೇ ತಾನೇ?" ಎಂದರು ಭಾವ ಒಂದು ದಿನ. ಮರುದಿನವೇ ಬಂದ ಬೀರುವಿನ ಕೆಲಸಗಳನ್ನೆಲ್ಲ ವಾಪಸು ಕಳಿಸಿದರು.

ಗೋಡೆಗೆ ಪ್ಲೈವುಡ್ ಒರಗಿಸಿ, ಮೊಳೆಗೆ ದಾರ ಕಟ್ಟಿ, ದಾರದ ತುದಿಯ ಪೆನ್ಸಿಲಿನಿಂದ ಒಂದು ಬಾಗು ಎಳೆದರು. ಮುಂದೆ ದುಂಡಗೆ ಎದ್ದು ಹಿಂದಕ್ಕೆ ಜಾರಿ ಇಳಿಯುವ ಗೆರೆ, ಅಡ್ಡ ಮಲಗಿದ ನೀರಿನ ಹನಿಯ ಹಾಗೆ. ಬೀರು ಸಾಗಿಸುವ ಅವರ ಹಳೆಯ ವ್ಯಾನಿನ ಹಿಂದೆ ಕೊಕ್ಕೆ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಮಲಗುವ ಗಾಡಿ ಅದು. ವೆಲ್ಡಿಂಗ್‌ನವನು ಕಬ್ಬಿಣದ ಚೌಕಟ್ಟು ಮಾಡಿ ಎರಡು ಚಕ್ರ ಕೂರಿಸಿಕೊಟ್ಟ. ಮಿಕ್ಕದ್ದೆಲ್ಲ ಮರ. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಕಾಲ ಕಡೆ ಒಂದು ಹಲಗೆ. ಹಿಂಭಾಗದಲ್ಲಿ ಹೊರಗಿನಿಂದ ಎತ್ತುವ ಮುಚ್ಚಳ, ಅದರಡಿ ಒಲೆ, ನಾಲ್ಕು ಪಾತ್ರೆ. ನಡುವೆ ಗಟ್ಟಿ ಗೋಡೆ.

ಚಾವಣಿ ಬಾಗಿಸುವ ದಿನ ನನಗೂ ಕೆಲಸ ಬಿತ್ತು. ತೆಳು ಪ್ಲೈವುಡ್ಡಿನ ಮೇಲೆ ಹಳೆಯ ಟವೆಲ್ ಹಾಸಿ, ನಾನು ಬಿಸಿನೀರು ಹೊಯ್ಯುವುದು, ಭಾವ ಹಗ್ಗ ಬಿಗಿದು ಬಿಗಿದು ಅದನ್ನು ಬಗ್ಗಿಸುವುದು. ಚಟ್ ಎಂದು ಸದ್ದಾಯಿತು. ನಾನು ಕೆಟಲನ್ನೇ ಕೈಬಿಟ್ಟೆ.

"ಮರ ಸದ್ದು ಮಾಡಿದ್ರೆ ಹೆದರಬೇಡ ಗಾಬರಿ" ಎಂದರು ಭಾವ, "ಸುಮ್ಮನಾದ್ರೆ ಹೆದರು."

ದಿನವೂ ಮಧ್ಯಾಹ್ನ ಅಕ್ಕನನ್ನು ಕೈಹಿಡಿದು ತಂದು ಆ ಗಾಡಿಯೊಳಗೆ ಕೂರಿಸುತ್ತಿದ್ದರು. ಬಾಗಿಲು ಇನ್ನೂ ಕೂರಿಸಿರಲಿಲ್ಲ. ಅವಳು ಅಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದಳು. ಕೆಲವು ದಿನ ಅದನ್ನು 'ಮರಿಮನೆ' ಎಂದು ಕರೆಯುವಳು. ಕೆಲವು ದಿನ "ಇದು ಯಾರ ಮನೆ? ಅವರು ಬೈಯಲ್ವಾ?" ಎಂದು ಎದ್ದು ಬರುವಳು. ಭಾವ ಬೇಸರ ತೋರದೆ ಮಾರನೆಯ ದಿನ ಮತ್ತೆ ಕರೆತರುವರು. ಅದನ್ನು ನೋಡುವಾಗ ನನಗೆ ಭಾವನ ಮೇಲೆ ಅಪಾರ ಗೌರವ ಬರುತ್ತಿತ್ತು.

ಆ ಗೌರವಕ್ಕೆ ಕಲ್ಲು ಬಿದ್ದದ್ದು ಬಾಗಿಲು ಕೂರಿಸಿದ ದಿನ. ಶೆಡ್ಡಿನ ಹಿಂದೆ ಬಟ್ಟೆ ಒಣಹಾಕುತ್ತಿದ್ದೆ. ಒಳಗೆ ಭಾವ ವೆಲ್ಡಿಂಗ್‌ನವನಿಗೆ ಹೇಳುತ್ತಿದ್ದುದು ತಗಡಿನ ಆಚೆಯಿಂದ ಸ್ಪಷ್ಟವಾಗಿ ಕೇಳಿಸಿತು.

"ಹೊರಗಿಂದ ಚಿಲಕ ಬಿತ್ತು ಅಂದ್ರೆ ಮುಗೀತು, ಅವಳು ಎಲ್ಲೂ ಹೋಗೋ ಹಾಗಿಲ್ಲ. ನಾನೂ ಒಂದಷ್ಟು ಕಣ್ಣು ಮುಚ್ಚಬಹುದು."

ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ಉಳಿಯಿತು. ಸಂಜೆ ಹಾಸಿಗೆಯ ಅಳತೆ ತೆಗೆಯುವ ನೆಪದಲ್ಲಿ ಗಾಡಿಯೊಳಗೆ ಹೋದೆ. ಬಾಗಿಲ ಒಳಮೈಯನ್ನು ಮೇಲಿನಿಂದ ಕೆಳಗಿನವರೆಗೂ ಸವರಿದೆ. ಗಾಜಿನ ಹಾಗೆ ನುಣುಪು. ಹಿಡಿಯಿಲ್ಲ, ಕೊಂಡಿಯಿಲ್ಲ, ಬೆರಳು ತೂರಿಸಲು ಒಂದು ಸಂದಿಯಿಲ್ಲ. ಕಿಟಕಿಯೂ ಇಲ್ಲ, ಗಾಳಿಕಿಂಡಿಯೂ ಇಲ್ಲ. ಹೊರಗೆ ಬಂದವಳೇ ಗಾಳಿಕಿಂಡಿ ಎಲ್ಲಿ ಎಂದಷ್ಟೇ ಕೇಳಿದೆ.

"ಬೆಳಕಿನ ಪರೀಕ್ಷೆ ಆಗ್ಲಿ, ಆಮೇಲೆ ಕೊರೀತೀನಿ. ಕಿಟಕಿಯೂ ಅಷ್ಟೇ. ತೂತು ಮಾಡಿಟ್ಕೊಂಡು ತೂತು ಹುಡುಕ್ತಾರಾ ಯಾರಾದ್ರೂ?" ಎಂದು ಅವರು ನಕ್ಕರು.

ಆ ನಗು ನನಗೆ ಸಹಿಸಲಾಗಲಿಲ್ಲ. ನನ್ನ ಅಕ್ಕನಿಗಾಗಿ ಈ ಮನುಷ್ಯ ಒಂದು ಬೀರು ಮಾಡುತ್ತಿದ್ದಾನೆ ಎಂದುಕೊಂಡೆ. ಗೋಡೆ ತಡಕಿ ಬೆರಳು ಸುಲಿದುಕೊಂಡವಳು ಈ ನುಣುಪು ಬಾಗಿಲನ್ನು ಹೇಗೆ ತಡಕಬಹುದು? ಮಾರನೆಯ ದಿನ ಕೇಳಿಯೇ ಬಿಡುವುದೆಂದು ನಿಶ್ಚಯಿಸಿದೆ. ಬೆಳಗ್ಗೆ ಹೊಲಿದ ಬಟ್ಟೆಗಳನ್ನು ಅಂಗಡಿಗೆ ಕೊಟ್ಟು ಬರುವಾಗ ದಾರಿಯುದ್ದಕ್ಕೂ ಒಬ್ಬಳೇ ಮಾತಾಡಿಕೊಂಡು, ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ.

ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು.

"ಭಾವ ಎಲ್ಲಿ ಅಕ್ಕಾ?"

"ಹೊರಗೆ ಹೋದ್ರು."

"ಎಲ್ಲಿಗೆ?"

"ಹೇಳ್ಲಿಲ್ಲಮ್ಮ. ಅವರು ಯಾವತ್ತು ಹೇಳಿ ಹೋಗಿದ್ದಾರೆ?"

ಒಳ್ಳೆಯದೇ ಆಯಿತು, ಮಾತು ಇನ್ನಷ್ಟು ತಿದ್ದಿಕೊಳ್ಳಬಹುದು ಎಂದು ನೀರು ಕುಡಿಯಲು ಹೋದೆ. ಬಾಗಿಲ ಬಳಿ ಭಾವನ ಚಪ್ಪಲಿ ಇತ್ತು. ಇನ್ನೊಂದು ಜೊತೆ ಇರಬೇಕು ಎಂದುಕೊಂಡೆ. ಆದರೆ ಭಾವನಿಗೆ ಇನ್ನೊಂದು ಜೊತೆ ಇಲ್ಲ. ತಿರುಗಿ ಅಕ್ಕನ ಕಡೆ ನೋಡಿದೆ. ಬಟಾಣಿಯ ಬುಟ್ಟಿಯೊಳಗೆ, ಸಿಪ್ಪೆಗಳ ನಡುವೆ ಏನೋ ಹೊಳೆಯುತ್ತಿತ್ತು. ಕೈಹಾಕಿ ತೆಗೆದರೆ ಟಾರ್ಚ್. ಮಟಮಟ ಮಧ್ಯಾಹ್ನ ಉರಿಯುತ್ತಿತ್ತು, ಬೆಳಕು ಹಳದಿಗೆ ತಿರುಗಿತ್ತು.

"ಅಕ್ಕಾ, ಟಾರ್ಚ್ ಯಾಕೆ ಹಚ್ಚಿದೀಯ?"

ಅವಳು ಟಾರ್ಚನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. "ನಿಂದಲ್ವಾ ಅದು?" ಎಂದಳು.

ಬಿದ್ದೆನೋ ಎದ್ದೆನೋ, ಶೆಡ್ಡಿಗೆ ಓಡಿದೆ. ಗಾಡಿ ನೆಲದ ನಡುವೆ ಹೊಸ ವಾರ್ನಿಷ್ ಹೊಳೆಸುತ್ತಾ ನಿಂತಿತ್ತು. ಬಾಗಿಲು ಮುಚ್ಚಿತ್ತು. ವಾರ್ನಿಷ್ ಘಾಟು ಹೊರಗೇ ಕಣ್ಣು ಉರಿಸುವಷ್ಟಿತ್ತು, ಒಳಗೆ ಹೇಗಿರಬೇಡ. "ಭಾವಾ!" ಎಂದು ಕೂಗಿ ಎರಡೂ ಕೈಯಲ್ಲಿ ಗುದ್ದಿದೆ. ಉತ್ತರವಿಲ್ಲ. ಕಿವಿಯಿಟ್ಟೆ. ಏನೂ ಇಲ್ಲ. ಸುಮ್ಮನಾದ್ರೆ ಹೆದರು ಎಂದಿದ್ದರಲ್ಲ, ಹೆದರಿದೆ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಮತ್ತೆ ಗುದ್ದಿದೆ. ಆಗ ಒಳಗೆ ಏನೋ ಸವರಿದ ಹಾಗೆ, ಯಾರೋ ಹೊರಳಿದ ಹಾಗೆ ಸಣ್ಣ ಸದ್ದಾಯಿತು.

ಪಟ್ಟಿ ಹುಡುಕಿದೆ. ಅಂಚಿನಲ್ಲೆಲ್ಲ ಹೆಬ್ಬೆರಳು ಒತ್ತಿದೆ, ಸರಿಸಿದೆ, ಮಂಡಿಯಲ್ಲಿ ಒದ್ದೆ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಸುತ್ತಿಗೆ ಎತ್ತಿ ಹೊಡೆದೆ. ಅದು ಪುಟಿದು ನನ್ನ ಮಣಿಕಟ್ಟನ್ನೇ ತಿರುಚಿತು, ಮರದ ಮೇಲೆ ಒಂದು ಗುಳಿ ಬಿತ್ತು, ಅಷ್ಟೇ. ಭಾವನ ಕೆಲಸ ಎಷ್ಟು ಗಟ್ಟಿ ಎಂದು ಬೀದಿಯೆಲ್ಲ ಹೊಗಳುತ್ತಿತ್ತು, ಆ ಗಟ್ಟಿತನಕ್ಕೆ ಅಂದು ಹಿಡಿಶಾಪ ಹಾಕಿದೆ. ಜನರನ್ನು ಕರೆಯಲು ಬೀದಿಗೆ ಓಡಲೇ? ಅವರು ಬಂದು ಒಡೆಯುವಷ್ಟರಲ್ಲಿ ಏನಾಗಿರುತ್ತದೋ. ಬಾಗಿಲು ತೆಗೆಯುವುದು ಗೊತ್ತಿದ್ದದ್ದು ಒಬ್ಬಳಿಗೆ.

ಅಕ್ಕನನ್ನು ದರದರ ಎಳೆದುಕೊಂಡು ಬಂದೆ. "ತೆಗಿ ಅಕ್ಕಾ! ಭಾವ ಒಳಗಿದ್ದಾರೆ, ಬಾಗಿಲು ತೆಗಿ!"

ಅವಳು ಗಾಡಿಯನ್ನು ನೋಡಿ ಹಿಂದೆ ಸರಿದಳು. "ಇದು ಯಾರ ಮನೆ?"

"ನಿಮ್ಮದೇ! ಪಟ್ಟಿ ಎಲ್ಲಿದೆ ಹೇಳು, ಎಲ್ಲಿ ಒತ್ತಬೇಕು?"

"ಯಾಕಮ್ಮ ಹೀಗೆ ಬೈತೀಯ? ನಾನೇನು ಮಾಡ್ದೆ?" ಅವಳ ಕಣ್ಣು ತುಂಬಿಕೊಂಡಿತು.

ನಾನು ಕೂಗಿದಷ್ಟೂ ಅವಳು ಚಿಕ್ಕವಳಾಗುತ್ತಿದ್ದಳು. ಅವಳ ಕೈಯನ್ನು ಹಿಡಿದು ಬಾಗಿಲಿಗೆ ಒತ್ತಿದೆ, ಅದು ಒದ್ದೆ ಬಟ್ಟೆಯ ಹಾಗೆ ಜಾರಿ ಕೆಳಗೆ ಬಿತ್ತು. ಆಗ ನಾನು ಎಲ್ಲಕ್ಕಿಂತ ಕಷ್ಟದ ಕೆಲಸ ಮಾಡಬೇಕಾಯಿತು. ಬಾಯಿ ಮುಚ್ಚಿದೆ. ಅಕ್ಕನ ಭುಜದ ಮೇಲೆ ಕೈಯಿಟ್ಟು, ಏನೂ ಆಗಿಲ್ಲವೆನ್ನುವವಳ ಹಾಗೆ ನಿಂತೆ. ಒಳಗೆ ಒಬ್ಬ ಮನುಷ್ಯ ಉಸಿರಿಗೆ ಒದ್ದಾಡುತ್ತಿದ್ದಾನೆ, ಹೊರಗೆ ನಾನು ಸುಮ್ಮನೆ ನಿಂತಿದ್ದೇನೆ. ಶೆಡ್ಡಿನಲ್ಲಿ ಯಾವ ಸದ್ದೂ ಇರಲಿಲ್ಲ.

ಟಕ್.

ತುಂಬ ಹೊತ್ತು ಬಿಟ್ಟು, ಇನ್ನೂ ಮೆಲ್ಲಗೆ, ಟಕ್.

ಅಕ್ಕನ ಮುಖ ಬದಲಾಯಿತು. ಕಣ್ಣೊರೆಸಿಕೊಂಡಳು. "ಬಂದೆ ರೀ, ಬಂದೆ. ಏನವಸರ ನಿಮ್ಮದು" ಎನ್ನುತ್ತಾ ಮುಂದೆ ಹೋದಳು. ಹೆಬ್ಬೆರಳು ಅಂಚಿನ ಒಂದು ಜಾಗಕ್ಕೆ ನೇರವಾಗಿ ಹೋಯಿತು. ನಾನು ಅಲ್ಲೇ ಹತ್ತು ಸಲ ಒತ್ತಿದ್ದೆ. ಅವಳು ಒತ್ತಿದಳು, ಸರಿಸಿದಳು, ಮಂಡಿಯಿಂದ ತಟ್ಟಿದಳು. ಫುಸ್ ಎಂದು ಬಾಗಿಲು ಬಿಟ್ಟುಕೊಂಡಿತು. ಅದರ ಜೊತೆಗೇ ಭಾವನ ತಲೆ ಹೊರಕ್ಕೆ ಜೋಲಿತು.

ಇಬ್ಬರೂ ಸೇರಿ ಎಳೆದು ಮರದ ಹೊಟ್ಟಿನ ಮೇಲೆ ಮಲಗಿಸಿದೆವು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಕಣ್ಣು ಕೆಂಡವಾಗಿತ್ತು. ಕೆಮ್ಮಿದರು, ವಾಂತಿ ಮಾಡಿಕೊಂಡರು, ಮತ್ತೆ ಕೆಮ್ಮಿದರು. ಆ ಕೆಮ್ಮಿನಷ್ಟು ಹಿತವಾದ ಸದ್ದು ನಾನು ಕೇಳಿಲ್ಲ. ಅಕ್ಕ ಅವರ ಬೆನ್ನು ಸವರುತ್ತಾ, "ಊಟಕ್ಕೆ ಬರೋದು ಬಿಟ್ಟು ಒಳಗೇನು ಮಾಡ್ತಾ ಕೂತಿದ್ರಿ?" ಎಂದು ಗದರಿದಳು. ಭಾವ ಅವಳ ಕೈ ಹಿಡಿದುಕೊಂಡರು.

ಡಾಕ್ಟರು ಬಂದು ನೋಡಿ ಹೋದರು. ಸಂಜೆ ಭಾವ ಗೋಡೆಗೆ ಒರಗಿ ಕೂತಿದ್ದಾಗ, ಬಾಯಿಪಾಠ ಮಾಡಿದ್ದೆಲ್ಲ ಮರೆತು, ನಾನು ಸೀದಾ ಕೇಳಿದೆ.

"ಒಳಗೆ ಹಿಡಿ ಯಾಕಿಟ್ಟಿಲ್ಲ ಭಾವ? ಅಕ್ಕನ್ನ ಕೂಡಿಹಾಕೋಕಾ?"

ಅವರು ಬೆಚ್ಚಿದರು. ತಮ್ಮ ಅಂಗೈ ನೋಡಿಕೊಂಡರು.

"ಹಿಡಿ ಇಡಬೇಕು ಅಂತ ನನಗೆ ಹೊಳೀಲೇ ಇಲ್ಲ ಗಾಬರಿ. ಬೀರುವಿನ ಒಳಗೆ ಯಾರು ಹಿಡಿ ಇಡ್ತಾರೆ? ಗಾಡಿ ಮಾಡ್ತಿದೀನಿ ಅಂತ ತಲೆ ಅಂದ್ಕೊಂಡಿತ್ತು, ಕೈ ಬೀರು ಮಾಡಿಬಿಡ್ತು. ಎರಡು ಸಲ ಬಡಿದೆ. ತೆಗೀಲಿಲ್ಲ. ಮತ್ತೆ ಬಡಿದೆ. ಆಮೇಲೆ ಹಿಡಿ ಹುಡುಕ್ದೆ." ದನಿ ತಗ್ಗಿಸಿ, "ಆದ್ರೆ ನೀನು ಕೇಳಿದ್ದೂ ಸುಳ್ಳಲ್ಲ. ಚಿಲಕ ಕೂರಿಸಿದ ಮೇಲೆ, ಹೊರಗಿಂದ ಹಾಕಿಬಿಟ್ರೆ ನಿದ್ದೆ ಮಾಡಬಹುದಲ್ಲ ಅಂತ ಒಂದು ಯೋಚನೆ ಬಂತು. ಬಂದಿದ್ದು ನಿಜ. ಇವತ್ತು ನಾನೇ ಒಳಗಿದ್ದು ನೋಡ್ದೆ" ಎಂದರು. ಅವರ ಕಣ್ಣಲ್ಲಿ ನೀರು ಬಂದದ್ದು ವಾರ್ನಿಷ್‌ನಿಂದಲೋ ಅಲ್ಲವೋ ನಾನು ಕೇಳಲಿಲ್ಲ.

ಮೈಗೆ ಶಕ್ತಿ ಬಂದ ಕೂಡಲೇ ಎದ್ದು ಮೊದಲು ಗಾಳಿಕಿಂಡಿ ಕೊರೆದರು. ಎರಡೂ ಕಡೆ ಕಿಟಕಿ ಕತ್ತರಿಸಿದರು. ಬಾಗಿಲ ಒಳಗಡೆ, ಅಕ್ಕ ಮಲಗುವ ಪಕ್ಕದಲ್ಲಿ, ಕುರುಡರಿಗೂ ಸಿಗುವಷ್ಟು ದಪ್ಪ ಹಿಡಿ ಕೂರಿಸಿದರು. ಅಕ್ಕನ ಕೈಯನ್ನು ಅದರ ಮೇಲಿಟ್ಟು ತೆಗೆಸಿ, ಹಾಕಿಸಿ, ಮತ್ತೆ ತೆಗೆಸಿದರು. ನಾನು ಕಿಟಕಿಗೆ ಮನೆಯ ಪರದೆಯ ಬಟ್ಟೆಯಲ್ಲೇ ಪರದೆ ಹೊಲಿದೆ. ಅವಳು ತಡಕಿದರೆ ನಮ್ಮ ಕಿಟಕಿ ಸಿಗಲಿ ಎಂದು. ಸುತ್ತಿಗೆಯ ಗುಳಿಯನ್ನು ತುಂಬಿಕೊಡಿ ಎಂದರೆ ಭಾವ ಒಪ್ಪಲಿಲ್ಲ. "ಇರ್ಲಿ, ಗಾಬರಿ ಮಾಡಿದ ಒಂದೇ ಒಂದು ಮರಗೆಲಸ" ಎಂದರು.

ಆದರೂ ನನ್ನ ಹೆದರಿಕೆ ಹೋಗಲಿಲ್ಲ, ಬೇರೆ ಜಾಗಕ್ಕೆ ಸರಿಯಿತು. ಹಿಡಿ ಇಲ್ಲದಿದ್ದರೆ ಅಕ್ಕ ಒಳಗೆ ಸಿಕ್ಕಿಬೀಳುತ್ತಾಳೆ, ಹಿಡಿ ಇದ್ದರೆ ಹೊರಗೆ ನಡೆದುಬಿಡುತ್ತಾಳೆ. ಹೊರಗೆ ಎಂದರೆ ಸಮುದ್ರ.

ಕೊನೆಗೆ ಹೋದೆವು. ಅಕ್ಕ ಮರಳಿನ ಮೇಲೆ ನಿಂತು ಕತ್ತಲಾಗುವವರೆಗೆ ನೀರು ನೋಡಿದಳು. ಅವರಿಬ್ಬರೂ ಗಾಡಿಯಲ್ಲಿ ಮಲಗಿದರು. ನಾನು ವ್ಯಾನಿನ ಸೀಟಿನ ಮೇಲೆ ಕಿವಿ ತೆರೆದುಕೊಂಡು ಬಿದ್ದುಕೊಂಡೆ. ಎಚ್ಚರವಾಗಿಯೇ ಇರಬೇಕೆಂದವಳು ಯಾವಾಗ ನಿದ್ದೆ ಹೋದೆನೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬೆಳಕು ಹರಿಯುತ್ತಿತ್ತು, ಮರಳಿನ ಮೇಲೆ ಬರಿಗಾಲಿನ ಹೆಜ್ಜೆಗಳಿದ್ದವು. ಗಾಡಿಯ ಆಚೆ ಪಕ್ಕದ ಬಾಗಿಲ ಕಡೆಯಿಂದ ಬಂದು ಸೀದಾ ನೀರಿನ ಕಡೆಗೆ.

ಚಪ್ಪಲಿಯನ್ನೂ ಮೆಟ್ಟದೆ ಹಾರಿ ಇಳಿದೆ. ಹೆಜ್ಜೆಗಳ ಹಿಂದೆ ಓಡಿದೆ. ಅಲೆ ಒದ್ದೆ ಮಾಡಿದ ಜಾಗದವರೆಗೆ ಹೋಗಿ ಅವು ನಿಂತಿದ್ದವು. ಆಮೇಲೆ ಕಂಡಿತು, ಅಲ್ಲಿಂದ ಅವು ಹಿಂದಕ್ಕೆ ತಿರುಗಿದ್ದವು. ಹಿಂಬಾಲಿಸಿ ಬಂದರೆ ಗಾಡಿಯ ಆಚೆ ಪಕ್ಕಕ್ಕೇ ಬಂದೆ. ಮುಚ್ಚಿದ ಬಾಗಿಲಿನ ಎದುರು ಅಕ್ಕ ನಿಂತಿದ್ದಳು. ಅವಳ ಬಟ್ಟೆಯ ಅಂಚು ಒದ್ದೆಯಾಗಿತ್ತು. ಒಂದು ಹೆಬ್ಬೆರಳು ಬಾಗಿಲ ಅಂಚಿನ ಪಟ್ಟಿಯ ಮೇಲಿತ್ತು.

"ಇಲ್ಲೇನು ಮಾಡ್ತಿದೀಯ ಅಕ್ಕಾ?"

"ಶ್..." ಎಂದಳು. "ಅವರು ಒಳಗಿದ್ದಾರೆ. ಬಡಿಯೋವರೆಗೂ ನಾನು ಎಲ್ಲೂ ಹೋಗೋ ಹಾಗಿಲ್ಲ."

ಕಿಟಕಿಯ ಪರದೆ ಸ್ವಲ್ಪ ಸರಿದಿತ್ತು. ಒಳಗೆ ಭಾವ ಎದ್ದು ಕೂತಿದ್ದರು. ಅವರೂ ಕೇಳಿಸಿಕೊಂಡಿದ್ದರು. ಕೈಗೆಟಕುವ ಹಾಗೆ ದಪ್ಪ ಹಿಡಿ ಪಕ್ಕದಲ್ಲೇ ಇತ್ತು, ಅವರು ಅದನ್ನು ಮುಟ್ಟಲಿಲ್ಲ. ಮುಂದೊಂದು ದಿನ ಆ ಸದ್ದೂ ಇವಳಿಗೆ ಕೇಳದೆ ಹೋದರೆ ಎಂದುಕೊಂಡೆ. ಒಳಗಿನಿಂದ ಮೆಲ್ಲಗೆ ಎರಡು ಸಲ ಬಡಿದ ಸದ್ದು ಬಂತು.

"ಬಂದೆ ರೀ" ಎಂದು ಅಕ್ಕ ಬಾಗಿಲು ತೆಗೆದಳು.